ಸೋಮ್ ಹೊಲಗಳ ನಡುವೆ ಗ್ರಾವೆಲ್ ಸೈಕಲ್: ಮಹಾಯುದ್ಧದ ಸಮಾಧಿಗಳ ದಾರಿ ಬಗ್ಗೆ ಮಾತಾಡೋಣ

ಜಲ್ಲಿದಾರಿ:
ಉತ್ತರ ಫ್ರಾನ್ಸಲ್ಲಿ ಸೋಮ್ ಅಂತ ಪ್ರಾಂತ್ಯ ಇದೆಯಲ್ಲ, ಮೊದಲ ಮಹಾಯುದ್ಧದಲ್ಲಿ, 1916ರಲ್ಲಿ, ಬ್ರಿಟಿಷರು ಫ್ರೆಂಚರು ಒಂದು ಕಡೆ ಜರ್ಮನ್ನರು ಇನ್ನೊಂದು ಕಡೆ ಆಗಿ ಆ ಭಯಂಕರ ಕದನ ನಡೆದಿದ್ದು, ಅಲ್ಲಿಗೆ ಬರೋರು ಹೆಚ್ಚಾಗಿ ಬಸ್ಸಲ್ಲಿ ಬಂದು ಥಿಯೆಪ್ವಾಲ್ ಸ್ಮಾರಕ ನೋಡಿ, ಲಾಕ್ನಗರ್ ಕುಳಿ ನೋಡಿ, ಸಂಜೆಗೆ ಹೊರಟು ಹೋಗ್ತಾರೆ. ನೋಡಬೇಕಾದ್ದೇ ಅವು, ಬೇಡ ಅನ್ನಲ್ಲ. ಆದ್ರೆ ನನ್ನ ಮಟ್ಟಿಗೆ ಅಸಲಿ ಸೋಮ್ ಇರೋದು ಟಾರ್ ರೋಡ್ ಮುಗಿದ ಮೇಲೆ. ಗೋಧಿ ಹೊಲದ ನಡುವೆ ಟ್ರ್ಯಾಕ್ಟರ್ ಓಡಾಡೋ ಮಣ್ಣು ದಾರಿ, ಅದರ ಕೊನೇಲಿ ಸೊಂಟದೆತ್ತರದ ಗೋಡೆ, ಒಳಗೆ ನೂರೋ ನೂರೈವತ್ತೋ ಬಿಳಿ ಸಮಾಧಿ ಕಲ್ಲು, ಸುತ್ತ ಒಂದು ಮನೆ ಕೂಡ ಇಲ್ಲ. ಅಂಥ ಕಡೆ ಬಸ್ ಹೋಗಲ್ಲ, ಕಾರ್ ತಗೊಂಡು ಹೋಗಬಾರ್ದು, ನಡೆದೇ ಹೋಗ್ತೀನಿ ಅಂದ್ರೆ ದಿನಕ್ಕೆ ಎರಡೋ ಮೂರೋ ಆಗುತ್ತೆ ಅಷ್ಟೆ. ಗ್ರಾವೆಲ್ ಬೈಕಿಗೆ, ಅಂದ್ರೆ ಜಲ್ಲಿ ಮಣ್ಣು ದಾರೀಲೂ ಓಡೋ ದಪ್ಪ ಟೈರಿನ ಸೈಕಲ್ಲಿಗೆ, ಹೇಳಿ ಮಾಡಿಸಿದ ಜಾಗ ಅದು.

ಇನ್ನೊಂದು ವಿಷಯ, ಸೈಕಲ್ ತುಳಿದ್ರೆ ಮಾತ್ರ ಆ ನೆಲದ ಏರಿಳಿತ ಗೊತ್ತಾಗೋದು. ಮ್ಯಾಪಲ್ಲಿ ನೋಡಿದ್ರೆ ಚಪ್ಪಟೆ ಅನ್ಸುತ್ತೆ. ಕಾಲಿಗೆ ಭಾರ ಬಿದ್ದಾಗ್ಲೇ "ಓ, ಇಲ್ಲಿ ಏರು ಇದೆ, ಮೇಲೆ ನಿಂತೋನಿಗೆ ಕೆಳಗಿನೋನು ಪೂರ್ತಿ ಕಾಣ್ತಾನೆ" ಅಂತ ಅರ್ಥ ಆಗೋದು. 1916 ಜುಲೈ 1ರಂದು ಒಂದೇ ದಿನ ಬ್ರಿಟಿಷ್ ಸೇನೇಲಿ 57,470 ಜನ ಸತ್ತೋ ಗಾಯಗೊಂಡೋ ಕಾಣೆಯಾಗೋ ಹೋದ್ರು, ಅದರಲ್ಲಿ ಸತ್ತೋರೇ 19,240. ಆ ನಂಬರ್ ಓದಿದ್ರೆ ತಲೆಗೆ ಹೋಗುತ್ತೆ, ಆ ಏರು ಹತ್ತಿದ್ರೆ ಮೈಗೆ ಹೋಗುತ್ತೆ.

ಹೋಗಿ ಬಂದೋರು, ಹೋಗಬೇಕು ಅನ್ನೋರು ಇಲ್ಲಿ ಬರೀರಿ. ದಾರಿ, ಟೈರ್, ಮಣ್ಣು, ಎಲ್ಲಿ ಇಳೀಬೇಕು ಎಲ್ಲಿ ತುಳೀಬಹುದು, ಎಲ್ಲಾ ಮಾತಾಡೋಣ.

ಪೆಡಲ್‌ಪುಟ್ಟ:
ಅಣ್ಣ ಸಕತ್ ಥ್ರೆಡ್. ನಾನಿರೋದು ನೆದರ್ಲೆಂಡ್ಸಲ್ಲಿ, ಇಲ್ಲಿ ಎಲ್ಲಾ ಸೈಕಲ್ ಪಾತ್ ನುಣ್ಣಗೆ ಇದೆ, ಗ್ರಾವೆಲ್ ಅಂತ ಬೈಕ್ ತಗೊಂಡು ಟಾರ್ ಮೇಲೇ ಓಡಿಸ್ತಿದೀನಿ. ಮೇ ತಿಂಗಳಲ್ಲಿ ಮೂರು ದಿನ ರಜ ಇದೆ. ಯಾವ ಊರಲ್ಲಿ ಉಳ್ಕೊಂಡ್ರೆ ಒಳ್ಳೇದು? 38 ಎಂಎಂ ಟೈರ್ ಸಾಕಾ?

ಜಲ್ಲಿದಾರಿ:
@ಪೆಡಲ್‌ಪುಟ್ಟ ಆಲ್ಬೆರ್ ಊರಲ್ಲಿ ಉಳ್ಕೋ. ಅಮಿಯಾಂ ಇಂದ ಲೋಕಲ್ ಟ್ರೈನ್ ಅರ್ಧ ಗಂಟೆ, ಸೈಕಲ್ ಹಾಕ್ಕೊಂಡು ಬರಬಹುದು. ಸ್ಟೇಷನ್ ಬಿಟ್ಟ ಹತ್ತು ಹದಿನೈದು ನಿಮಿಷಕ್ಕೆ ಹೊಲದಲ್ಲಿ ಇರ್ತೀಯ.

ಟೈರ್ ವಿಷಯಕ್ಕೆ ಬರೋಣ, ಯಾಕಂದ್ರೆ ಎಲ್ಲರೂ ಇದನ್ನ ಹಗುರವಾಗಿ ತಗೋತಾರೆ. ಸೋಮಲ್ಲಿ ಕೆಳಗೆ ಸುಣ್ಣಕಲ್ಲು, ಅಂದ್ರೆ ಚಾಕ್, ಅದರ ಮೇಲೆ ಒಂದು ಪದರ ಕಂದು ಜೇಡಿ ಥರದ ಮೆಕ್ಕಲು ಮಣ್ಣು. ಚಾಕ್ ಜೊತೆ ಫ್ಲಿಂಟ್ ಕಲ್ಲು ಇದ್ದೇ ಇರುತ್ತೆ, ನಮ್ಮ ಚಕಮಕಿ ಕಲ್ಲು, ಅದು ಒಡೆದ್ರೆ ಅಂಚು ಬ್ಲೇಡ್ ಥರ. ಉಳುಮೆ ಮಾಡಿದಾಗೆಲ್ಲ ಹೊಸ ಚೂರು ಮೇಲೆ ಬಂದು ದಾರಿ ಮೇಲೆ ಬೀಳುತ್ತೆ. 38 ನಡೆಯುತ್ತೆ, ಆದ್ರೆ ನಾನಾದ್ರೆ 42 ಇಲ್ಲ 45 ಹಾಕ್ತೀನಿ, ಟ್ಯೂಬ್‌ಲೆಸ್, ಸೈಡ್‌ವಾಲ್ (ಟೈರಿನ ಪಕ್ಕದ ಭಾಗ) ಗಟ್ಟಿ ಇರೋದು. ಪ್ಲಗ್ ಕಿಟ್ ಜೊತೆಗೆ ಒಂದು ಟ್ಯೂಬ್ ಇಟ್ಕೋ, ಸೈಡ್‌ವಾಲ್ ಉದ್ದಕ್ಕೆ ಸೀಳಿದ್ರೆ ಸಣ್ಣ ತೂತು ಮುಚ್ಚೋ ಸೀಲೆಂಟ್ ದ್ರವ ಏನೂ ಮಾಡಲ್ಲ, ಒಳಗಡೆ ಒಂದು ಗಟ್ಟಿ ರಬ್ಬರ್ ತುಂಡು ಇಟ್ಟು ಟ್ಯೂಬ್ ಹಾಕ್ಕೊಂಡು ಬರಬೇಕು.

ಮಳೆ ಬಂದ್ರೆ ಕಥೆ ಬೇರೆ. ಮೆಕ್ಕಲು ಮಣ್ಣು ಟೈರಿಗೂ ಫೋರ್ಕಿಗೂ ಮಧ್ಯೆ ಮೆತ್ಕೊಂಡು ಚಕ್ರ ತಿರುಗೋದೇ ನಿಲ್ಲುತ್ತೆ, ಹಾಗಾಗಿ ಫ್ರೇಮಲ್ಲಿ ಗ್ಯಾಪ್ ಇರೋಷ್ಟೇ ಟೈರ್ ಹಾಕು, ಫುಲ್ ಟೈಟಾಗಿ ತುಂಬಬೇಡ. ಒದ್ದೆ ಚಾಕ್ ಮೇಲೆ ಇಳಿಜಾರಲ್ಲಿ ಮುಂದಿನ ಬ್ರೇಕ್ ಹಿಡಿದ್ರೆ ಮುಗೀತು. ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್ ತನಕ ಸಕ್ಕರೆ ಬೀಟ್ ಕೀಳೋ ಸೀಸನ್, ಆಗ ಲಾರಿ ಟ್ರ್ಯಾಕ್ಟರ್ ಟಾರ್ ರೋಡಿಗೂ ಕೆಸರು ತಂದು ಹಾಕಿರ್ತವೆ. ಮೇ ತಿಂಗಳು ಅಂದ್ಯಲ್ಲ, ಒಳ್ಳೇ ಟೈಮ್.

ಪೆಡಲ್‌ಪುಟ್ಟ:
ಥ್ಯಾಂಕ್ಸ್ ಅಣ್ಣ, 42 ಆರ್ಡರ್ ಮಾಡ್ತೀನಿ. ರೂಟ್ ಹೇಳಿ ರೂಟ್.

ಜಲ್ಲಿದಾರಿ:
ಎರಡು ಲೂಪ್ ಹೇಳ್ತೀನಿ, ಎರಡೂ ಆಲ್ಬೆರ್ ಇಂದಲೇ, 40–50 ಕಿ.ಮೀ. ಆಸುಪಾಸು.

ಮೊದಲ್ನೇದು ಉತ್ತರಕ್ಕೆ. ಓತುಯಿಲ್, ಥಿಯೆಪ್ವಾಲ್, ಇಳಿದು ಆಂಕ್ರ್ ಹೊಳೆ ದಾಟಿ ಹಾಮೆಲ್, ಅಲ್ಲಿಂದ ಬೋಮಾಂ-ಹಾಮೆಲ್. ಬೋಮಾಂ ಊರಾಚೆ ಎರಡೂ ಕಡೆ ದಿಬ್ಬ ಇರೋ ಒಂದು ತಗ್ಗು ದಾರಿ ಇದೆ, ಇಂಗ್ಲಿಷರು ಸಂಕನ್ ಲೇನ್ ಅಂತಾರೆ. ಜುಲೈ 1ರ ಬೆಳಿಗ್ಗೆ ಲ್ಯಾಂಕಾಷೈರ್ ಫ್ಯೂಸಿಲಿಯರ್ಸ್ ಅನ್ನೋ ಬ್ರಿಟಿಷ್ ಪಡೆಯ ಹುಡುಗರು ದಾಳಿಗೆ ಮುಂಚೆ ಅಲ್ಲಿ ಕೂತಿದ್ದನ್ನ ಜೆಫ್ರಿ ಮ್ಯಾಲಿನ್ಸ್ ಅನ್ನೋ ಕ್ಯಾಮೆರಾಮನ್ ಶೂಟ್ ಮಾಡಿದ್ದಾನೆ. ಇವತ್ತಿಗೂ ಅದು ಮಾಮೂಲಿ ಹೊಲದ ದಾರಿ, ಮಧ್ಯೆ ಹುಲ್ಲಿನ ಪಟ್ಟೆ, ಎರಡು ಕಡೆ ಗಾಲಿ ಜಾಡು. ದಿಬ್ಬ ನಮ್ಮ ತಲೆಗಿಂತ ಮೇಲೆ ಇರೋದ್ರಿಂದ ಒಳಗೆ ಗಾಳಿ ಇಲ್ಲ. ಆ ಹುಡುಗರು ಇಷ್ಟು ಹೊತ್ತು ಇಲ್ಲಿ ಸೇಫ್ ಇದ್ರು, ಎದ್ದು ಹೊಲಕ್ಕೆ ಕಾಲಿಟ್ಟ ತಕ್ಷಣ ಎದುರುಗಡೆ ಮೆಷಿನ್ ಗನ್. ದಿಬ್ಬ ಹತ್ತಿ ನಿಂತು ನೋಡಿ, ಒಂದು ಮರ ಇಲ್ಲ ಮರೆ ಇಲ್ಲ.

ಅಲ್ಲಿಂದ ರೆಡಾನ್ ರಿಡ್ಜ್ ಮೇಲೆ ಮೂರು ಸಣ್ಣ ಸಮಾಧಿ ಸ್ಥಳ, ಹೊಲದಲ್ಲಿ ಹೆಚ್ಚುಕಡಿಮೆ ಒಂದರಿಂದ ಇನ್ನೊಂದು ಕಾಣೋ ದೂರದಲ್ಲಿ. ಆಮೇಲೆ ಸೇರ್, ಅಲ್ಲಿ ಟಾರ್ ರೋಡಿಂದ ಕಚ್ಚಾ ದಾರೀಲಿ ಮೇಲಕ್ಕೆ ಹೋದ್ರೆ ಶೆಫೀಲ್ಡ್ ಸ್ಮಾರಕ ಪಾರ್ಕ್, ಅದರ ಹಿಂದೆ ತಗ್ಗಲ್ಲಿ ರೈಲ್ವೇ ಹಾಲೋ ಸಮಾಧಿ ಸ್ಥಳ. ಒಂದೇ ಊರಿನ, ಒಂದೇ ಬೀದಿಯ ಗೆಳೆಯರು ಜೊತೆಗೇ ಸೇರಿ ಮಾಡಿದ ಪಾಲ್ಸ್ ಬೆಟಾಲಿಯನ್‌ಗಳು, ಆಕ್ರಿಂಗ್ಟನ್ ಕಡೆಯವರು, ಶೆಫೀಲ್ಡ್ ಕಡೆಯವರು, ಜೊತೆಗೇ ಸತ್ತಿದ್ದು ಆ ಇಳಿಜಾರಲ್ಲಿ. ವಾಪಸ್ ಬರ್ತಾ ಮ್ಯೂನಿಕ್ ಟ್ರೆಂಚ್, ಫ್ರಾಂಕ್‌ಫರ್ಟ್ ಟ್ರೆಂಚ್ ಅಂತ ಸಮಾಧಿ ಸ್ಥಳ ಸಿಗುತ್ತೆ, ಹೆಸರು ಜರ್ಮನ್ ಊರಿಂದು, ಮಲಗಿರೋರು ಬ್ರಿಟಿಷರು. ಅಲ್ಲಿದ್ದ ಜರ್ಮನ್ ಕಂದಕಗಳಿಗೆ ಬ್ರಿಟಿಷರು ಮ್ಯಾಪಲ್ಲಿ ಇಟ್ಟಿದ್ದ ಹೆಸರನ್ನೇ ಸಮಾಧಿಗೂ ಉಳಿಸ್ಕೊಂಡಿದ್ದಾರೆ.

ಎರಡನೇದು ಪೂರ್ವಕ್ಕೆ, ಆಮೇಲೆ ಬರೀತೀನಿ, ಈಗ ಕೆಲ್ಸಕ್ಕೆ ಹೊರಡ್ಬೇಕು.

ಸುಮ್ನೆ‌ಓದೋಳು:
ಓದ್ತಾ ಇದೀನಿ, ಚೆನ್ನಾಗಿ ಬರೀತಿದೀರಿ ಸಾರ್. ಆದ್ರೂ ಒಂದು ಮಾತು ಕೇಳ್ಲೇಬೇಕು, ಬೇಜಾರ್ ಮಾಡ್ಕೋಬೇಡಿ. ಅಷ್ಟು ಜನ ಸತ್ತ ಜಾಗದಲ್ಲಿ ಹೆಲ್ಮೆಟ್ ಟೈಟ್ ಬಟ್ಟೆ ಹಾಕ್ಕೊಂಡು ಆವರೇಜ್ ಸ್ಪೀಡ್ ನೋಡ್ಕೊಂಡು ಸೈಕಲ್ ಓಡಿಸೋದು ಸರೀನಾ? ಸ್ಮಶಾನದಲ್ಲಿ ನಾವು ಚಪ್ಪಲಿ ಶಬ್ದ ಕೂಡ ಮಾಡಲ್ಲ. ಕೆಲವರು ಸ್ಮಾರಕದ ಮೆಟ್ಟಿಲಿಗೆ ಬೈಕ್ ಒರಗಿಸಿ ಫೋಟೋ ಹಾಕಿರೋದು ನೋಡಿ ಮನಸ್ಸಿಗೆ ಒಂಥರ ಆಯ್ತು.

ಹಳೇಪುಟ:
@ಸುಮ್ನೆ‌ಓದೋಳು ಮೇಡಂ ನಿಮ್ಮ ಪ್ರಶ್ನೆ ನ್ಯಾಯವಾಗೇ ಇದೆ. ಫೋಟೋ ವಿಷಯದಲ್ಲಿ ನಾನು ನಿಮ್ಮ ಕಡೆ. ಆದ್ರೆ ಸೈಕಲ್‌ಗೂ ಆ ಯುದ್ಧಕ್ಕೂ ಸಂಬಂಧ ಇಲ್ಲ ಅನ್ಕೋಬೇಡಿ, ತುಂಬ ಇದೆ.

ಬ್ರಿಟಿಷ್ ಕಡೆ ಮೊದಲು ಸತ್ತೋನು ಅಂತ ನಂಬಿರೋ ಜಾನ್ ಪಾರ್ ಸೈಕಲ್ ಸವಾರನೇ. ಶತ್ರು ಎಲ್ಲಿದ್ದಾನೆ ಅಂತ ಮುಂದೆ ಹೋಗಿ ನೋಡಿ ಬರೋ ಕೆಲಸ, 1914 ಆಗಸ್ಟ್ 21, ಬೆಲ್ಜಿಯಮ್ಮಿನ ಮೋನ್ಸ್ ಹತ್ರ. ಅಲ್ಲೇ ಸಾಂ ಸಿಂಫೋರಿಯಾಂ ಸಮಾಧಿ ಸ್ಥಳದಲ್ಲಿ ಮಲಗಿದ್ದಾನೆ. ಅವನಿಗೆ ಎದುರುಗಡೆ, ಕೆಲವೇ ಹೆಜ್ಜೆ ದೂರದಲ್ಲಿ, ಜಾರ್ಜ್ ಎಲಿಸನ್, ಅವನು ಸತ್ತಿದ್ದು 1918 ನವೆಂಬರ್ 11, ಯುದ್ಧ ನಿಂತ ದಿನಾನೇ. ನಾಲ್ಕು ವರ್ಷದ ಯುದ್ಧದ ಎರಡು ತುದಿ ಎದುರುಬದುರು. ಆರ್ಮಿ ಸೈಕ್ಲಿಸ್ಟ್ ಕೋರ್ ಅಂತ ಒಂದು ಪಡೆನೇ ಇತ್ತು, ಅವರ ಸಮಾಧಿ ಕಲ್ಲು ಸಿಕ್ಕಿದ್ರೆ ಹತ್ರ ಹೋಗಿ ನೋಡಿ, ಮೇಲ್ಗಡೆ ಕೆತ್ತಿರೋ ಬ್ಯಾಡ್ಜಲ್ಲಿ ಕಡ್ಡಿ ಸಮೇತ ಸೈಕಲ್ ಚಕ್ರ ಇದೆ, ಅದರ ಮೇಲೆ ಕಿರೀಟ.

ಟೂರ್ ದ ಫ್ರಾನ್ಸ್ ಗೆದ್ದಿದ್ದ ಮೂರು ಜನ ಆ ಯುದ್ಧದಲ್ಲಿ ಹೋದ್ರು. 1909ರ ಫ್ರಾಂಸ್ವಾ ಫಾಬೆರ್, 1910ರ ಒಕ್ತಾವ್ ಲಪೀಜ್, 1907 ಮತ್ತೆ 1908ರ ಲೂಸಿಯಾಂ ಪೆತಿ-ಬ್ರೆತೋಂ. ಫಾಬೆರ್ ಸತ್ತಿದ್ದು 1915 ಮೇ 9, ಅರಾಸ್ ಉತ್ತರಕ್ಕೆ. ನೋತ್ರ್-ದಾಮ್-ದ-ಲೊರೆತ್ ದಿಬ್ಬದ ಚರ್ಚಲ್ಲಿ ಅವನ ಹೆಸರಿನ ಫಲಕ ಇದೆ.

ಇನ್ನೊಂದು. 1919ರಲ್ಲಿ ಯುದ್ಧ ನಿಂತು ಆರು ತಿಂಗಳೂ ಆಗಿರಲಿಲ್ಲ, ಲ ಪೆತಿ ಜೂರ್ನಾಲ್ ಪತ್ರಿಕೆಯವರು ಯುದ್ಧಭೂಮಿ ಸುತ್ತೋ ಸೈಕಲ್ ರೇಸ್ ಇಟ್ರು, ಸ್ಟ್ರಾಸ್‌ಬೂರ್ಗಲ್ಲಿ ಶುರು, ಅಲ್ಲೇ ಕೊನೆ, ಏಳು ಹಂತ, ಸುಮಾರು 2000 ಕಿ.ಮೀ. ರೋಡ್ ಅಂತ ಏನೂ ಉಳಿದಿರಲಿಲ್ಲ, ಬರೀ ಗುಂಡಿ. ಬ್ರಸೆಲ್ಸಿಂದ ಅಮಿಯಾಂಗೆ ಬಂದ ಹಂತದಲ್ಲಿ ಮಳೆ ಚಳಿ ಬೇರೆ, ಮೊದಲು ಬಂದೋನಿಗೇ 18 ಗಂಟೆಗೂ ಮೇಲೆ ಹಿಡೀತು. ಶಾರ್ಲ್ ಡೆರೂಯ್ಟರ್ ಅಂತ, ಪೂರ್ತಿ ರೇಸ್ ಗೆದ್ದೋನೂ ಅವನೇ. ಪ್ಯಾರಿಸ್–ರೂಬೆ ರೇಸಿಗೆ "ಉತ್ತರದ ನರಕ" ಅನ್ನೋ ಹೆಸರು ಬಂದಿದ್ದು ಕೂಡ ಅದೇ ವರ್ಷ, ಕಲ್ಲು ಹಾಸಿನ ರೋಡಿಂದ ಅಲ್ಲ, ದಾರಿಯುದ್ದ ಸುಟ್ಟು ಹೋದ ಊರುಗಳನ್ನ ಕಂಡು.

ಜಲ್ಲಿದಾರಿ:
@ಹಳೇಪುಟ ಇದು ಗೊತ್ತಿರೋರು ಕಮ್ಮಿ, ಬರೆದಿದ್ದಕ್ಕೆ ದೊಡ್ಡ ಥ್ಯಾಂಕ್ಸ್ ಸಾರ್.

@ಸುಮ್ನೆ‌ಓದೋಳು ಮೇಡಂ ನನ್ನ ಲೆಕ್ಕ ಹೀಗಿದೆ. ಗೋಡೆ ಒಳಗೆ ಸೈಕಲ್ ಹೋಗಬಾರ್ದು, ತಳ್ಕೊಂಡೂ ಹೋಗಬಾರ್ದು. ಗೇಟ್ ಹೊರಗೆ ಹುಲ್ಲಲ್ಲಿ ಮಲಗಿಸಿ ಇಡೋದು, ಗೋಡೆಗೂ ಒರಗಿಸಬಾರ್ದು, ಅದು ಪೋರ್ಟ್‌ಲ್ಯಾಂಡ್ ಕಲ್ಲೋ ಹಳೇ ಇಟ್ಟಿಗೆಯೋ ಆಗಿರುತ್ತೆ, ಪೆಡಲ್ ಗೀಚುತ್ತೆ. ಹೊಲದ ದಾರಿಯಿಂದ ಸಮಾಧಿ ತನಕ ಹುಲ್ಲಿನ ಕಿರುದಾರಿ ಇರುತ್ತಲ್ಲ, ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಮಾಲಿಗಳು ಅದನ್ನ ಕತ್ತರಿಸಿ ಇಟ್ಟಿರ್ತಾರೆ, ಅಲ್ಲೂ ಇಳಿದು ನಡೀರಿ, ಒದ್ದೆ ಇದ್ದಾಗ ಟೈರ್ ಜಾಡು ಬಿದ್ರೆ ಸರಿಹೋಗೋಕೆ ವಾರಗಟ್ಟಲೆ ಬೇಕು. ಬೋಮಾಂ-ಹಾಮೆಲಲ್ಲಿ ನ್ಯೂಫೌಂಡ್‌ಲ್ಯಾಂಡ್ ಪಾರ್ಕ್ ಇದೆ, ಕಂದಕಗಳನ್ನ ಹಾಗೇ ಉಳಿಸಿದ್ದಾರೆ, ಜುಲೈ 1ರಂದು ಸುಮಾರು 800 ಜನ ದಾಳಿಗೆ ಹೋದ ನ್ಯೂಫೌಂಡ್‌ಲ್ಯಾಂಡ್ ರೆಜಿಮೆಂಟಲ್ಲಿ ಮರುದಿನ ಹಾಜರಿ ಕೂಗಿದಾಗ ಉತ್ತರ ಕೊಟ್ಟಿದ್ದು 68 ಜನ. ಅಲ್ಲೂ ಸೈಕಲ್ ಹೊರಗೇ ಬಿಟ್ಟು ನಡೆದೇ ನೋಡಬೇಕು.

ಸ್ಪೀಡ್ ರೆಕಾರ್ಡ್ ಮಾಡೋದು ನನಗೂ ಆಗಲ್ಲ. ಆ ದಾರಿಗಳಲ್ಲಿ ಸೆಗ್ಮೆಂಟ್, ಅಂದ್ರೆ ಆಪಲ್ಲಿ ಟೈಮ್ ಅಳೆಯೋ ತುಂಡು, ಮಾಡಿ ಯಾರು ಫಾಸ್ಟ್ ಅಂತ ಪೈಪೋಟಿ ಹಚ್ಚೋರಿಗೆ ನನ್ನ ವಿರೋಧ ಇದೆ, ಬೇರೆ ಸಾವಿರ ರೋಡ್ ಇದಾವೆ. ಆದ್ರೆ ಬರಲೇಬೇಡಿ ಅನ್ನೋಕೆ ನನಗೆ ಮನಸ್ಸಿಲ್ಲ ಮೇಡಂ. ಹೆಚ್ಚಿನ ಸಮಾಧಿ ಸ್ಥಳಗಳ ಗೋಡೇಲಿ ಒಂದು ಸಣ್ಣ ಕಂಚಿನ ಬಾಗಿಲು ಇರುತ್ತೆ, ಒಳಗೆ ಹೆಸರಿನ ರಿಜಿಸ್ಟರ್, ಬಂದೋರು ಸಹಿ ಹಾಕೋ ಪುಸ್ತಕ. ದೊಡ್ಡ ಸ್ಮಾರಕದಲ್ಲಿ ಪುಟ ಬೇಗ ತುಂಬುತ್ತೆ. ಹೊಲದ ಮಧ್ಯದ ಸಮಾಧೀಲಿ ಹಿಂದಿನ ಸಹಿ ವಾರದ ಹಿಂದಿಂದು. ಸೈಕಲ್ ಇರೋದಕ್ಕೇ ಅಲ್ಲಿಗೆ ಯಾರಾದ್ರೂ ಹೋಗ್ತಾರೆ ಅಂದ್ರೆ ಹೋಗ್ಲಿ ಬಿಡಿ.

ಸುಮ್ನೆ‌ಓದೋಳು:
ಒಪ್ಪಿದೆ ಸಾರ್. ಹೀಗೆ ಹೋಗೋದಾದ್ರೆ ನನ್ನ ತಕರಾರಿಲ್ಲ. ಜರ್ಮನ್ನರ ಸಮಾಧಿಗೂ ಹೋಗ್ತೀರಾ?

ಜಲ್ಲಿದಾರಿ:
ಹೋಗ್ತೀವಿ ಮೇಡಂ, ಎರಡನೇ ಲೂಪಲ್ಲಿ ಅದೂ ಬರುತ್ತೆ. ಆಲ್ಬೆರ್, ಲಾ ಬ್ವಾಸೆಲ್ ಹತ್ರ ಲಾಕ್ನಗರ್ ಕುಳಿ (ಜುಲೈ 1 ಬೆಳಿಗ್ಗೆ 7:28ಕ್ಕೆ ನೆಲದಡಿ ಸಿಡಿಸಿದ್ದು), ಫ್ರಿಕೂರ್. ಫ್ರಿಕೂರಲ್ಲಿ ಜರ್ಮನ್ ಸ್ಮಶಾನ, 17 ಸಾವಿರ ಜನ, ಹೆಚ್ಚಿನವರು ನಾಲ್ಕು ಸಾಮೂಹಿಕ ಗುಂಡಿಗಳಲ್ಲಿ. ಲೋಹದ ಶಿಲುಬೆ, ಮರದ ನೆರಳು, ಹೂವಿನ ಪಾತಿ ಇಲ್ಲ. ಬ್ರಿಟಿಷರ ಕಡೆ ಗುಲಾಬಿ ಗಿಡ ನೋಡ್ಕೊಂಡು ಇಲ್ಲಿಗೆ ಬಂದ್ರೆ ವ್ಯತ್ಯಾಸ ಹೊಡೆಯುತ್ತೆ. ಶಿಲುಬೆಗಳ ನಡುವೆ ಅಲ್ಲಲ್ಲಿ ಯಹೂದಿ ಸೈನಿಕರ ಕಲ್ಲುಗಳಿವೆ, ಜರ್ಮನಿಗಾಗಿ ಸತ್ತೋರು. ಇಪ್ಪತ್ತು ವರ್ಷದ ಮೇಲೆ ಅದೇ ದೇಶ ಏನು ಮಾಡ್ತು ಅಂತ ಯೋಚನೆ ಬಂದ್ರೆ ಅಲ್ಲಿಂದ ಎದ್ದು ಬರೋದು ಕಷ್ಟ.

ಆಮೇಲೆ ಮಾಮೆಟ್ಸ್. ಅಲ್ಲಿ ಡೆವನ್‌ಷೈರ್ ಅನ್ನೋ ಬ್ರಿಟಿಷ್ ಪಡೆಯವರ ಸಮಾಧಿ, ತಾವು ದಾಳಿಗೆ ಎದ್ದು ಹೊರಟ ಕಂದಕದಲ್ಲೇ ಅವರನ್ನ ಹೂಳಿದ್ದಾರೆ. "ಈ ಕಂದಕವನ್ನು ಡೆವನ್‌ಷೈರಿನವರು ಕಾದರು, ಈಗಲೂ ಕಾಯುತ್ತಿದ್ದಾರೆ" ಅಂತ ಕಲ್ಲಲ್ಲಿ ಬರೆದಿದೆ. ಮುಂದೆ ಕಾಡಿನ ಅಂಚಲ್ಲಿ ವೇಲ್ಸ್‌ನವರ ಕೆಂಪು ಡ್ರ್ಯಾಗನ್ ಸ್ಮಾರಕ, 1987ರದ್ದು, ಅಲ್ಲಿಗೆ ಹೋಗೋ ದಾರಿ ಒಳ್ಳೇ ಗ್ರಾವೆಲ್, ಗುಂಡಿ ಜಾಸ್ತಿ. ಅಲ್ಲಿಂದ ಬಾಜಾಂತಾಂ, ಹೈ ವುಡ್, ಲಾಂಗವಾಲ್. ಹೈ ವುಡ್ ಖಾಸಗಿ ಕಾಡು, ಒಳಗೆ ಹೋಗೋ ಹಾಗಿಲ್ಲ, ಅಂಚಲ್ಲಿ ದಾರಿ ಇದೆ. 1916 ಜುಲೈ 14ರ ಸಂಜೆ ನಮ್ಮ ಡೆಕ್ಕನ್ ಹಾರ್ಸ್ ಪಡೆ ಈಟಿ ಹಿಡ್ಕೊಂಡು ಕುದುರೆ ಮೇಲೆ ನುಗ್ಗಿದ್ದು ಆ ಕಾಡಿನ ಪಕ್ಕದ ಹೊಲದಲ್ಲೇ. ಎರಡು ತಿಂಗಳಿಗೆ, ಸೆಪ್ಟೆಂಬರ್ 15ಕ್ಕೆ, ಅದೇ ಸುತ್ತಮುತ್ತ ಚರಿತ್ರೇಲೇ ಮೊದಲ ಸಲ ಟ್ಯಾಂಕ್ ಬಂತು. ಲಾಂಗವಾಲ್ ಪಕ್ಕ ಡೆಲ್ವಿಲ್ ವುಡ್, ದಕ್ಷಿಣ ಆಫ್ರಿಕಾದವರು ಕಾದಾಡಿದ ಕಾಡು, ಆ ಕಾಡಲ್ಲಿ ಯುದ್ಧ ಕಂಡು ಉಳಿದ ಮರ ಒಂದೇ ಒಂದು, ಹಾರ್ನ್‌ಬೀಮ್ ಜಾತಿ.

ಮೈಸೂರ್‌ಸವಾರ:
ಡೆಕ್ಕನ್ ಹಾರ್ಸ್ ಅಂದ್ರಲ್ಲ, ಮೈಸೂರು ಲ್ಯಾನ್ಸರ್ಸ್ ಕೂಡ ಫ್ರಾನ್ಸಲ್ಲಿದ್ರಾ?

ಹಳೇಪುಟ:
ಇಲ್ಲ, ಅವರು ಈಜಿಪ್ಟ್, ಪ್ಯಾಲೆಸ್ಟೈನ್ ಕಡೆ. 1918 ಸೆಪ್ಟೆಂಬರ್ 23ಕ್ಕೆ ಜೋಧಪುರದವರ ಜೊತೆ ಸೇರಿ ಹೈಫಾ ಊರು ಗೆದ್ರು. ಫ್ರಾನ್ಸಲ್ಲಿ ಭಾರತೀಯರನ್ನ ಹುಡುಕ್ಕೊಂಡು ಹೋಗೋದಾದ್ರೆ ನವ್-ಶಾಪೆಲ್‌ಗೆ ಹೋಗಿ. 1915 ಮಾರ್ಚಲ್ಲಿ ಅಲ್ಲಿ ದಾಳಿ ಮಾಡಿದ ಸೇನೆಯಲ್ಲಿ ದೊಡ್ಡ ಪಾಲು ಭಾರತೀಯರದ್ದು. 1927ರಲ್ಲಿ ಅನಾವರಣ ಆದ ಸ್ಮಾರಕ ಇದೆ, ಹರ್ಬರ್ಟ್ ಬೇಕರ್ ಮಾಡಿದ್ದು, ದುಂಡಗಿನ ಅಂಗಳ, ಜಾಲಂದ್ರದ ಥರ ಕೊರೆದ ಕಲ್ಲಿನ ಗೋಡೆ, ನಡುವೆ ಕಮಲದ ತಲೆ ಇರೋ ಕಂಬ, ಕೆಳಗೆ ಎರಡು ಹುಲಿ. 4,700ಕ್ಕೂ ಮೇಲೆ ಹೆಸರು. ಗಢವಾಲ್ ರೈಫಲ್ಸಿನ ಗಬ್ಬರ್ ಸಿಂಗ್ ನೇಗಿ ಹೆಸರು ಹುಡುಕಿ, ಮಾರ್ಚ್ 10ರಂದು ಸತ್ತ ಮೇಲೆ ವಿಕ್ಟೋರಿಯಾ ಕ್ರಾಸ್ ಬಂತು.

ಹಾಗೇ ದಕ್ಷಿಣಕ್ಕೆ ಇಳಿದ್ರೆ ಲೊರೆತ್ ದಿಬ್ಬದ ಮೇಲೆ ನೆನಪಿನ ಉಂಗುರ ಅನ್ನೋ ಸ್ಮಾರಕ, 2014ರದ್ದು. ಆ ಭಾಗದಲ್ಲಿ ಸತ್ತ 5,79,606 ಜನರ ಹೆಸರು ಅಕ್ಷರಮಾಲೆ ಪ್ರಕಾರ, ದೇಶ ಇಲ್ಲ ಹುದ್ದೆ ಇಲ್ಲ. ಜರ್ಮನ್ ಹೆಸರಿನ ಪಕ್ಕ ಫ್ರೆಂಚು, ನಡುವೆ ಸಿಂಗ್, ಖಾನ್, ಥಾಪಾ ಅಂತ ಸಾಲು ಸಾಲು.

ಈಪರ್‌ವಾಸಿ:
ಬೆಲ್ಜಿಯಂ ಕಡೆಯಿಂದ ನನ್ನದೂ ಎರಡು ಮಾತು. ಈಪರ್ ಸುತ್ತ ಗ್ರಾವೆಲ್ ಅಂತ ಬಂದ್ರೆ ಸ್ವಲ್ಪ ನಿರಾಸೆ ಆಗುತ್ತೆ, ಹೊಲದ ದಾರಿ ಬಹುಪಾಲು ಕಾಂಕ್ರೀಟ್. ಆದ್ರೆ ದಾರಿ ತಪ್ಪೋದೇ ಇಲ್ಲ, ನಂಬರ್ ಹಾಕಿದ ಸೈಕಲ್ ಜಂಕ್ಷನ್ ಬೋರ್ಡ್ ಎಲ್ಲಾ ಕಡೆ. ಈಪರಿಂದ ರೂಲರೆಗೆ ಹೋಗ್ತಿದ್ದ ಹಳೇ ರೈಲು ದಾರಿ ಈಗ ಸೈಕಲ್ ದಾರಿ, ಅದು ಟೈನ್ ಕಾಟ್ ಸಮಾಧಿ ಸ್ಥಳದ ಕೆಳಗೇ ಹಾದು ಹೋಗುತ್ತೆ. ಸುಮಾರು 12 ಸಾವಿರ ಸಮಾಧಿ ಅಲ್ಲಿ, ಅದರಲ್ಲಿ 8,300ಕ್ಕೂ ಮೇಲೆ ಹೆಸರು ಗೊತ್ತಿಲ್ಲದವರು. ಈಪರಿನ ಮೆನಿನ್ ಗೇಟ್ ಸ್ಮಾರಕದಲ್ಲಿ ದಿನಾ ರಾತ್ರಿ 8ಕ್ಕೆ ಕಹಳೆ ಊದ್ತಾರೆ, ಆಗ ರೋಡ್ ಬಂದ್. ಸೈಕಲ್ ಬೇರೆ ಕಡೆ ಬೀಗ ಹಾಕಿ ಬನ್ನಿ, ಆ ಜನಜಂಗುಳೀಲಿ ಹಿಡ್ಕೊಂಡು ನಿಲ್ಲೋಕಾಗಲ್ಲ.

ಮತ್ತೆ ದಯವಿಟ್ಟು ಇದನ್ನ ಎಲ್ಲರೂ ಓದಿ. ಹೊಲದ ಬದುವಲ್ಲಿ, ಕರೆಂಟ್ ಕಂಬದ ಬುಡದಲ್ಲಿ ತುಕ್ಕು ಹಿಡಿದ ಉದ್ದನೆ ಕಬ್ಬಿಣ ಕಂಡ್ರೆ ಅದು ಶೆಲ್. ಉಳುವಾಗ ಸಿಕ್ಕಿದ್ದನ್ನ ರೈತರು ಅಲ್ಲಿಡ್ತಾರೆ, ಸೇನೆಯವರು ಬಂದು ಒಯ್ತಾರೆ. ಕೆಲವದರಲ್ಲಿ ವಿಷಾನಿಲ ಇರುತ್ತೆ, ನೂರು ವರ್ಷ ಆದ್ರೂ ಸಿಡಿಯುತ್ತೆ. ಮುಟ್ಟಬೇಡಿ, ಕಾಲಲ್ಲಿ ಒದೀಬೇಡಿ, ಪಕ್ಕ ಕೂತು ತಿಂಡಿ ತಿನ್ನಬೇಡಿ.

ಜಲ್ಲಿದಾರಿ:
ನೂರಕ್ಕೆ ನೂರು ನಿಜ, ಸೋಮಲ್ಲೂ ಅದೇ. ಫ್ರಾನ್ಸಲ್ಲಿ ಪರ್ಮಿಷನ್ ಇಲ್ದೆ ಮೆಟಲ್ ಡಿಟೆಕ್ಟರ್ ಹಾಕಿ ಹಳೇ ವಸ್ತು ಹುಡುಕೋದು ಅಪರಾಧ ಕೂಡ. ಸೀಸದ ಗುಂಡು ಬಿದ್ದಿತ್ತು ಅಂತ ಜೇಬಿಗೆ ಹಾಕ್ಕೋಬೇಡಿ.

ಕೆಮ್ಮಣ್ಣು:
ನೀರಿಗೆ ಏನು ಮಾಡ್ತೀರ? ಫ್ರೆಂಚ್ ಹಳ್ಳೀಲಿ ಅಂಗಡಿನೇ ಇರಲ್ಲ ಅಂತ ಕೇಳಿದೀನಿ.

ಜಲ್ಲಿದಾರಿ:
ಹೌದು, ಭಾನುವಾರ ಸೋಮವಾರ ಅಂತೂ ಕೇಳಲೇಬೇಡಿ. ಎರಡು ಬಾಟಲ್ ತುಂಬಿಸಿ ತಿಂಡಿ ಕಟ್ಕೊಂಡು ಹೊರಡಿ. ಊರವರ ಸ್ಮಶಾನದಲ್ಲಿ, ಅಂದ್ರೆ ಸೇನೇದಲ್ಲ, ಹಳ್ಳಿಯದ್ದು, ಸಾಮಾನ್ಯವಾಗಿ ನಲ್ಲಿ ಇರುತ್ತೆ. "ನಾನ್ ಪೊತಾಬ್ಲ್" ಅಂತ ಬೋರ್ಡ್ ಇದ್ರೆ ಕುಡೀಬೇಡಿ. ಸೆಪ್ಟೆಂಬರಿಂದ ಫೆಬ್ರವರಿ ತನಕ ಬೇಟೆ ಸೀಸನ್, ಕಾಡಿನ ಅಂಚಿನ ದಾರೀಲಿ ಕೇಸರಿ ಜಾಕೆಟ್ ಹಾಕಿ. ಬೇಟೆಯವರು ದಾರಿ ಮೇಲೆ ಬೋರ್ಡ್ ಇಟ್ಟಿದ್ರೆ ವಾದ ಮಾಡದೆ ಸುತ್ತಿ ಹೋಗಿ. ಇನ್ನು ಜುಲೈ 1ಕ್ಕೆ ಸಮಾರಂಭ ಇರುತ್ತೆ, ಥಿಯೆಪ್ವಾಲ್ ಸುತ್ತ ರೋಡ್ ಬಂದ್, ಸೈಕಲ್ ರೈಡಿಗೆ ಅವತ್ತು ಬೇಡ.

ಪೆಡಲ್‌ಪುಟ್ಟ:
ಅಣ್ಣ ಕೊನೇ ಪ್ರಶ್ನೆ. ಆಪಲ್ಲಿ ರೂಟ್ ಹಾಕಿದ್ರೆ ರೆಡಾನ್ ರಿಡ್ಜ್ ಹತ್ರ ಹೊಲದ ಮಧ್ಯೆನೇ ಗೆರೆ ಎಳೀತಿದೆ, ದಾರಿ ಇದೆಯಾ ಅಲ್ಲಿ?

ಜಲ್ಲಿದಾರಿ:
ಸ್ಯಾಟಲೈಟ್ ವ್ಯೂ ಹಾಕಿ ನೋಡು, ಎರಡು ಗಾಲಿ ಜಾಡು ಬೆಳ್ಳಗೆ ಕಂಡ್ರೆ ದಾರಿ, ಒಂದೇ ಬಣ್ಣ ಇದ್ರೆ ಬೆಳೆ. ಬೆಳೆ ಮೇಲೆ ಹೋಗಬೇಡ, ಒಂದು ಕಿಲೋಮೀಟರ್ ಸುತ್ತಾದ್ರೂ ಪರವಾಗಿಲ್ಲ. ಸಮಾಧಿಗೆ ಹೋಗೋ ತಿರುವಲ್ಲೆಲ್ಲ ಕಮಿಷನ್‌ನವರ ಹಸಿರು ಬೋರ್ಡ್, ಬಿಳಿ ಅಕ್ಷರ, ಬಾಣದ ಗುರುತು ಇರುತ್ತೆ. ಆಪ್ ಒಂದು ಹೇಳಿ ಬೋರ್ಡ್ ಇನ್ನೊಂದು ಹೇಳಿದ್ರೆ ಬೋರ್ಡ್ ನಂಬು. ಉಳುಮೆ ಮಾಡಿದ ಹೊಲ ಕಂಡ್ರೆ ಮಾತ್ರ ನಿಂತು ನೋಡು, ಕಂದು ಮಣ್ಣಲ್ಲಿ ಬೆಳ್ಳಗೆ ಅಂಕುಡೊಂಕು ಪಟ್ಟೆ ಕಾಣಿಸುತ್ತೆ, ಕಂದಕ ತೋಡಿದಾಗ ಮೇಲೆ ಬಂದ ಚಾಕ್ ಅದು. ಮೇ ತಿಂಗಳಲ್ಲಿ ಗೋಧಿ ಎದ್ದಿರುತ್ತೆ, ಬೀಟ್ ಹಾಕಿದ ಹೊಲದ ಕಡೆ ಕಣ್ಣಿಟ್ಟಿರು. ನಿನ್ನ ರೂಟ್ ಫೈಲ್ ಇಲ್ಲಿ ಹಾಕು, ರಾತ್ರಿ ಕೂತು ತಿದ್ದಿ ಕೊಡ್ತೀನಿ.

ಪೆಡಲ್‌ಪುಟ್ಟ:
ಹಾಕಿದೆ ಅಣ್ಣ. ಮೂರನೇ ದಿನ ಟ್ರೈನಲ್ಲಿ ಅರಾಸ್ ತನಕ ಹೋಗಿ ಲೊರೆತ್, ನವ್-ಶಾಪೆಲ್ ಸೇರಿಸಿದೀನಿ.

ಸುಮ್ನೆ‌ಓದೋಳು:
@ಪೆಡಲ್‌ಪುಟ್ಟ ನವ್-ಶಾಪೆಲಲ್ಲಿ ಪುಸ್ತಕ ಇದ್ರೆ ಕನ್ನಡದಲ್ಲಿ ಒಂದು ಸಾಲು ಬರೆದು ಬಾರಪ್ಪ.